ಚಪ್ಪಲಿಗೆ ಸ್ಮಾರಕ ಕಟ್ಟಿದ ದೇಶ

(ಮಂಡ್ಯದಲ್ಲಿ ಓದುಗರು ಸೇರಿದ್ದ ಒಂದು ಸಂಜೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ತಿದ್ದಿ ಬರೆದದ್ದು.)

ಮೇಜಿನ ಮೇಲೆ ಚಪ್ಪಲಿ ಇಟ್ಟಿದ್ದೇನೆ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ತೊಳೆದೇ ತಂದಿದ್ದೇನೆ. ಹಿಂದಿನ ಸಾಲಿನವರಿಗೂ ಕಾಣಲಿ, ಎತ್ತಿ ತೋರಿಸುತ್ತೇನೆ. ಕಪ್ಪು ಪ್ಲಾಸ್ಟಿಕ್ಕು, ಮೇಲೆ ಅಡ್ಡಡ್ಡ ಪಟ್ಟಿ, ಪಕ್ಕದಲ್ಲಿ ಒಂದು ಬಕಲ್. ನಮ್ಮ ಸಂತೆಯಲ್ಲಿ ಮಳೆಗಾಲಕ್ಕೆ ಅಂತ ರಾಶಿ ಹಾಕಿ ಮಾರುತ್ತಾರಲ್ಲ, ಹೆಚ್ಚುಕಮ್ಮಿ ಅದೇ. ಪಟ್ಟಿ ಕಿತ್ತುಹೋದರೆ ಬೆಂಕಿಗೆ ಹಿಡಿದು, ಕರಗಿಸಿ, ಒತ್ತಿ ಅಂಟಿಸಿಕೊಳ್ಳಬಹುದು. ಚಮ್ಮಾರರ ಅಂಗಡಿ ಬೇಕಿಲ್ಲ.

ಇದಕ್ಕೆ ಅಲ್ಲಿ ಶಿದಾ ಅನ್ನುತ್ತಾರೆ. ಅಲ್ಲಿ ಅಂದರೆ ಎರಿಟ್ರಿಯಾದಲ್ಲಿ. ಅದರ ರಾಜಧಾನಿ ಅಸ್ಮಾರಾ. ಆ ಊರಿನ ಒಂದು ಸರ್ಕಲ್‌ನಲ್ಲಿ ಈ ಚಪ್ಪಲಿಯ ಭಾರೀ ದೊಡ್ಡ ಲೋಹದ ಪ್ರತಿಮೆ ಇದೆ. ನಮ್ಮಲ್ಲಿ ಸರ್ಕಲ್ ಅಂದರೆ ಒಬ್ಬ ಮಹನೀಯರು ಪೇಟ ಕಟ್ಟಿಕೊಂಡು ನಿಂತಿರಬೇಕು. ಅಲ್ಲಿ ಮನುಷ್ಯನೇ ಇಲ್ಲ, ಒಂದು ಜೊತೆ ಚಪ್ಪಲಿ. ಮೊದಲ ಸಲ ನೋಡಿದಾಗ ನಾನು ಅದನ್ನು ಯಾವುದೋ ಚಪ್ಪಲಿ ಕಂಪನಿಯ ಜಾಹೀರಾತು ಅಂದುಕೊಂಡಿದ್ದೆ. ಜೊತೆಗಿದ್ದ ಸಹೋದ್ಯೋಗಿ ನಗಲಿಲ್ಲ. ಆಕೆ 14 ವರ್ಷ ಇದೇ ಚಪ್ಪಲಿಯಲ್ಲಿ ಯುದ್ಧ ಮಾಡಿದವರು.

ನಾನು ಅಲ್ಲಿಗೆ ಹೋಗಿದ್ದು ಪಾಠ ಹೇಳೋಕೆ. 2005ರ ಸುಮಾರಿಗೆ, ಎರಡು ವರ್ಷದ ಮಟ್ಟಿಗೆ, ಅಸ್ಮಾರಾ ಹತ್ತಿರದ ಒಂದು ಕಾಲೇಜಿಗೆ. ಆಫ್ರಿಕಾದ ಆ ಭಾಗಕ್ಕೆ ನಮ್ಮ ಮೇಷ್ಟ್ರುಗಳು ಹೋಗೋದು ಹೊಸದೇನಲ್ಲ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಕಾಲದಲ್ಲೇ ಭಾರತದ ಮೇಷ್ಟ್ರುಗಳು ಸಾಲುಸಾಲಾಗಿ ಹೋಗಿದ್ದರು. ಹಳೇ ತಲೆಮಾರಿನವರು ಯಾರನ್ನು ಕೇಳಿದರೂ "ನಮಗೂ ಒಬ್ಬರು ಇಂಡಿಯನ್ ಟೀಚರ್ ಇದ್ದರು, ಗಣಿತಕ್ಕೆ" ಅನ್ನುತ್ತಾರೆ. ಆಮೇಲೆ ಕಿವಿ ಮುಟ್ಟಿಕೊಳ್ಳುತ್ತಾರೆ. ನಮ್ಮವರು ಅಲ್ಲೂ ಕಿವಿ ಹಿಂಡಿದ್ದಾರೆ.

ಎರಿಟ್ರಿಯಾ ಎಲ್ಲಿದೆ ಅಂತ ಕೆಲವರಾದರೂ ಯೋಚನೆ ಮಾಡುತ್ತಿರಬಹುದು. ಕೆಂಪು ಸಮುದ್ರದ ಪಶ್ಚಿಮ ದಂಡೆ. ಆಚೆ ದಡದಲ್ಲಿ ಯೆಮನ್, ಸೌದಿ. ಕೆಳಗೆ ಇಥಿಯೋಪಿಯಾ. ಒಂಬತ್ತು ಭಾಷೆಯ ಜನ. ಕ್ರೈಸ್ತರು, ಮುಸ್ಲಿಮರು ಸುಮಾರು ಸರಿಸಮ. ಅಸ್ಮಾರಾ ಇರೋದು ಸಮುದ್ರಮಟ್ಟದಿಂದ 2,300 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ! ಆ ತಂಪಿಗೆ ನಾನು ಮೊದಲ ವಾರ ಸ್ವೆಟರ್ ಹುಡುಕಿಕೊಂಡು ಅಲೆದೆ. ಆಫ್ರಿಕಾ ಅಂದರೆ ಸುಡುಬಿಸಿಲು ಅಂತ ಮನೆಯವರು ಬರೀ ಹತ್ತಿ ಶರ್ಟು ತುಂಬಿ ಕಳಿಸಿದ್ದರು.

ಹೆಸರು ಕೊಟ್ಟವರು ಇಟಲಿಯವರು. 1890ರಲ್ಲಿ, ಕೆಂಪು ಸಮುದ್ರದ ಹಳೇ ಗ್ರೀಕ್ ಹೆಸರಿನಿಂದ ಆರಿಸಿ ಇಟ್ಟರು. ಇನ್ನೂ ಒಳಕ್ಕೆ ನುಗ್ಗಿ ಇಥಿಯೋಪಿಯಾವನ್ನೂ ನುಂಗೋಣ ಅಂತ ಹೋದಾಗ 1896ರಲ್ಲಿ ಅಡ್ವಾ ಅನ್ನೋ ಕಡೆ ಚೆನ್ನಾಗಿ ಹೊಡೆಸಿಕೊಂಡು ವಾಪಸ್ ಬಂದರು. ಇಥಿಯೋಪಿಯಾ ಉಳಿಯಿತು. ಎರಿಟ್ರಿಯಾ ಇಟಲಿಯ ಕೈಯಲ್ಲೇ ಇತ್ತು. ಈ ಗೆರೆ ನೆನಪಿಟ್ಟುಕೊಳ್ಳಿ. ಮುಂದಿನ ಜಗಳವೆಲ್ಲ ಈ ಗೆರೆಯ ಮೇಲೆಯೇ.

ಐವತ್ತು ವರ್ಷದ ಮೇಲೆ ಎರಡನೇ ಮಹಾಯುದ್ಧ ಬಂತು. ಕೆರೆನ್ ಅಂತ ಒಂದು ಊರು. ಕೆರೆಗೂ ಅದಕ್ಕೂ ಸಂಬಂಧ ಇಲ್ಲ, ಬರೀ ಬೆಟ್ಟ. ಆ ಬೆಟ್ಟಗಳ ನಡುವಿನ ಕಣಿವೆ ದಾರಿಗಾಗಿ 1941ರ ಫೆಬ್ರವರಿ, ಮಾರ್ಚ್‌ನಲ್ಲಿ ಘೋರ ಕಾಳಗ ನಡೆಯಿತು. ಇಟಲಿಯವರ ಮೇಲೆ ಬೆಟ್ಟ ಹತ್ತಿ ಹೋದವರು ಯಾರು ಗೊತ್ತಾ? ನಮ್ಮವರು. ಬ್ರಿಟಿಷರ ಭಾರತೀಯ ಸೇನೆಯ 4ನೇ ಮತ್ತು 5ನೇ ಡಿವಿಜನ್. ಅಲ್ಲಿ ಸತ್ತ ಸುಬೇದಾರ್ ರಿಚ್‌ಪಾಲ್ ರಾಮ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಕೆರೆನ್‌ನಲ್ಲಿ ಯುದ್ಧದಲ್ಲಿ ಮಡಿದವರ ಸ್ಮಶಾನವಿದೆ. ಒಂದು ಭಾನುವಾರ ಬಸ್ ಹಿಡಿದು ಹೋಗಿದ್ದೆ. ಅಷ್ಟು ದೂರದಲ್ಲಿ, ಬಿಸಿಲಲ್ಲಿ, ಕಲ್ಲಿನ ಮೇಲೆ ನಮ್ಮ ಕಡೆಯ ಹೆಸರುಗಳನ್ನು ಓದುತ್ತಾ ನಿಂತರೆ ಏನೋ ಒಂಥರಾ ಆಗುತ್ತದೆ. ಸ್ವತಃ ಸ್ವತಂತ್ರರಲ್ಲದವರು ಇನ್ನೊಬ್ಬರ ದೇಶ ಬಿಡಿಸೋಕೆ ಹೋಗಿ ಸತ್ತಿದ್ದಾರೆ.

ಬಿಡಿಸಿದ್ದೇನೋ ಆಯಿತು. ಯಾರಿಗೆ ಕೊಡೋದು? ಬ್ರಿಟಿಷರು ಸುಮಾರು ಹತ್ತು ವರ್ಷ ಇಟ್ಟುಕೊಂಡರು. ಕೊನೆಗೆ ಪ್ರಶ್ನೆ ವಿಶ್ವಸಂಸ್ಥೆಗೆ ಹೋಯಿತು. ಐದು ದೇಶಗಳ ಆಯೋಗ ಬಂತು: ಬರ್ಮಾ, ಗ್ವಾಟೆಮಾಲಾ, ನಾರ್ವೆ, ಪಾಕಿಸ್ತಾನ, ದಕ್ಷಿಣ ಆಫ್ರಿಕಾ. ಐದು ಜನ ಬಂದು ನೋಡಿ ಮೂರು ಅಭಿಪ್ರಾಯ ಕೊಟ್ಟರು. ಸ್ವಾತಂತ್ರ್ಯದ ಕಡೆ ಮಾತಾಡಿದ್ದು ಪಾಕಿಸ್ತಾನ ಮತ್ತು ಗ್ವಾಟೆಮಾಲಾ. 1950ರ ಡಿಸೆಂಬರ್ 2ರಂದು ತೀರ್ಮಾನವಾಯಿತು: ಎರಿಟ್ರಿಯಾ ಇಥಿಯೋಪಿಯಾದ ಜೊತೆ ಒಕ್ಕೂಟ ಸೇರಲಿ. ಸ್ವಂತ ಶಾಸನಸಭೆ ಇರಲಿ, ಸ್ವಂತ ಬಾವುಟ ಇರಲಿ, ಕಿರೀಟ ಮಾತ್ರ ಚಕ್ರವರ್ತಿಯದು. ಅಲ್ಲಿನ ಜನರ ಮತ ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ.

ಇಥಿಯೋಪಿಯಾಕ್ಕೆ ಯಾಕೆ ಬೇಕಿತ್ತು? ಸಮುದ್ರ. ಮಸಾವಾ, ಅಸಾಬ್ ಎರಡು ಬಂದರು. ಅಷ್ಟು ದೊಡ್ಡ ದೇಶಕ್ಕೆ ಒಂದು ಗೇಣು ಕಡಲತೀರ ಇರಲಿಲ್ಲ. ಈ ಸಂಕಟ ನಮಗೆ ಅರ್ಥವಾಗಬೇಕು. ಹಳೇ ಮೈಸೂರು ರಾಜ್ಯಕ್ಕೂ ಸಮುದ್ರ ಇರಲಿಲ್ಲ. ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕು ಅಂತ ಎಷ್ಟು ಪ್ರಯತ್ನಪಟ್ಟರು! ಭಟ್ಕಳ ಆಗ ಬೊಂಬಾಯಿಗೆ ಸೇರಿತ್ತು. ನಮಗೆ ಕಡಲು ಸಿಕ್ಕಿದ್ದು 1956ರಲ್ಲಿ, ಭಾಷೆಯ ಹೆಸರಲ್ಲಿ ಒಂದಾದಾಗ. ಇಥಿಯೋಪಿಯಾದ ಆಸೆ ತಪ್ಪು ಅಂತ ನಾನು ಹೇಳೋದಿಲ್ಲ. ತೀರಿಸಿಕೊಂಡ ರೀತಿ ತಪ್ಪು.

ಆ ರೀತಿ ಹೇಗಿತ್ತು ಅಂದರೆ, ಒಂದೇ ಏಟಿಗೆ ಕತ್ತು ಹಿಸುಕಲಿಲ್ಲ. 1952ರಲ್ಲಿ ಒಕ್ಕೂಟ ಶುರುವಾಯಿತು. ಹತ್ತು ವರ್ಷ ತೆಗೆದುಕೊಂಡರು. ಮೊದಲು ಪತ್ರಿಕೆ, ಪಕ್ಷ. ಆಮೇಲೆ ಕಾರ್ಮಿಕ ಸಂಘ. 1958ರಲ್ಲಿ ಬಾವುಟ ಇಳಿಸಿದರು. ಆಡಳಿತ ಭಾಷೆಯಾಗಿದ್ದ ತಿಗ್ರಿನ್ಯಾ ಮತ್ತು ಅರಬ್ಬಿ ತೆಗೆದು ಇಥಿಯೋಪಿಯಾದ ಆಡಳಿತ ಭಾಷೆ ಅಂಹಾರಿಕ್ ಹಾಕಿದರು. ಶಾಲೆಯಲ್ಲೂ ಅದೇ. ನನ್ನ ಆ ಸಹೋದ್ಯೋಗಿ ಒಂದು ಮಾತು ಹೇಳಿದ್ದರು. ಅವರ ಅಪ್ಪ ತಾಲ್ಲೂಕು ಕಚೇರಿಯಂಥ ಒಂದು ಕಡೆ ಗುಮಾಸ್ತರು. ಚೆನ್ನಾಗಿ ಬರೆಯುತ್ತಿದ್ದವರು, ಮುತ್ತಿನಂಥ ಅಕ್ಷರ. ಒಂದು ದಿನ ಸುತ್ತೋಲೆ ಬಂತು, ಇನ್ಮೇಲೆ ಎಲ್ಲ ಅಂಹಾರಿಕ್‌ನಲ್ಲಿ. ನಲವತ್ತೈದು ವಯಸ್ಸಿನ ಮನುಷ್ಯ ರಾತ್ರಿ ದೀಪ ಹಚ್ಚಿಕೊಂಡು ಮಕ್ಕಳ ಪುಸ್ತಕದಿಂದ ಪಾಠ ಕಲಿಯುತ್ತಿದ್ದರಂತೆ. ಲಿಪಿ ಒಂದೇ, ಮಾತು ಬೇರೆ. ತಪ್ಪು ಬರೆದರೆ ಮೇಲಿನವರು ನಗುತ್ತಿದ್ದರಂತೆ. "ನನ್ನ ಯುದ್ಧ ಶುರುವಾಗಿದ್ದು ಆ ದೀಪದ ಮುಂದೆ" ಅಂದರು ಆಕೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

1962ರ ನವೆಂಬರ್ 14ರಂದು ಶಾಸನಸಭೆಯನ್ನೇ ಮುಚ್ಚಿಸಿದರು. ಎರಿಟ್ರಿಯಾ ಇಥಿಯೋಪಿಯಾದ ಹದಿನಾಲ್ಕನೇ ಪ್ರಾಂತ್ಯವಾಯಿತು. ಒಕ್ಕೂಟ ಮಾಡಿಸಿದ್ದ ವಿಶ್ವಸಂಸ್ಥೆ ತುಟಿ ಪಿಟಕ್ ಅನ್ನಲಿಲ್ಲ. ಅಮೆರಿಕಕ್ಕೆ ಅಸ್ಮಾರಾದಲ್ಲಿ ಕಾಗ್ನ್ಯೂ ಅಂತ ದೊಡ್ಡ ರೇಡಿಯೋ ನೆಲೆ ಇತ್ತು, ಚಕ್ರವರ್ತಿಯ ಸ್ನೇಹ ಬೇಕಿತ್ತು. ನಾವೇನು ಸಾಚಾ ಅಂತಲ್ಲ. ಇಥಿಯೋಪಿಯಾದ ಹರಾರ್ ಮಿಲಿಟರಿ ಅಕಾಡೆಮಿ ಕಟ್ಟೋಕೆ ಕೈ ಜೋಡಿಸಿದ್ದು ಭಾರತದ ಸೇನಾಧಿಕಾರಿಗಳೇ.

ಇಲ್ಲಿ ಒಂದು ಮಾತು ಹೇಳಬೇಕು. ಇವತ್ತಿನ ಆಹ್ವಾನಪತ್ರದಲ್ಲಿ "ಪ್ರತ್ಯೇಕತೆಯ ಹೋರಾಟ" ಅಂತ ಅಚ್ಚಾಗಿದೆ. ಎರಿಟ್ರಿಯಾದವರ ಮುಂದೆ ಆ ಪದ ಬಳಸಿದರೆ ಕಾಫಿ ಸಿಗೋದಿಲ್ಲ. ಅವರ ವಾದ ಇದು: ನಾವು ಯಾರಿಂದಲೂ ಒಡೆದುಕೊಂಡು ಹೋಗುತ್ತಿಲ್ಲ. ಆಫ್ರಿಕಾದ ಎಲ್ಲ ದೇಶಗಳೂ ಬಿಳಿಯರು ಎಳೆದ ಗೆರೆಯನ್ನೇ ಗಡಿ ಅಂತ ಒಪ್ಪಿಕೊಂಡಿವೆ. 1964ರಲ್ಲಿ ಆಫ್ರಿಕಾ ಒಕ್ಕೂಟವೇ ಕೈರೋದಲ್ಲಿ ಹಾಗೆ ನಿರ್ಣಯ ಮಾಡಿದೆ. ನಮ್ಮದೂ ಇಟಲಿ ಎಳೆದ ಗೆರೆ. ನಮಗೊಬ್ಬರಿಗೆ ಯಾಕೆ ಬೇರೆ ಕಾನೂನು? ಒಳ್ಳೇ ಪ್ರಶ್ನೆ. ಉತ್ತರ ಕೊಡುವ ತಾಪತ್ರಯಕ್ಕೆ ಯಾರೂ ಹೋಗಲಿಲ್ಲ. ಆ ಒಕ್ಕೂಟದ ಕಚೇರಿ ಇದ್ದಿದ್ದು ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲೇ, ನೋಡಿ.

ಬಂದೂಕಿನ ಕಥೆ ಬೇಗ ಮುಗಿಸುತ್ತೇನೆ. 1961ರ ಸೆಪ್ಟೆಂಬರ್ 1ರಂದು ಹಮೀದ್ ಇದ್ರಿಸ್ ಅವಾತೆ ಅನ್ನುವವರು ಅಡಾಲ್ ಬೆಟ್ಟದಲ್ಲಿ ಬೆರಳೆಣಿಕೆಯ ಜನ, ಹಳೇ ಇಟಲಿ ಬಂದೂಕು ಇಟ್ಟುಕೊಂಡು ಮೊದಲ ಗುಂಡು ಹಾರಿಸಿದರು. ಹೋರಾಟಕ್ಕೆ ಇ.ಎಲ್.ಎಫ್. ಅಂತ ಒಂದು ಸಂಘಟನೆ ಇತ್ತು. ಅದರಿಂದ ಒಡೆದು ಇ.ಪಿ.ಎಲ್.ಎಫ್. ಅಂತ ಇನ್ನೊಂದು ಬಂತು. ಇವರಿಬ್ಬರೂ ಶತ್ರುವನ್ನು ಬಿಟ್ಟು ಪರಸ್ಪರ ಹೊಡೆದಾಡಿದರು. ಒಂದು ಸಲ ಅಲ್ಲ, ಎರಡು ಸಲ. ಕೊನೆಗೆ ಇ.ಎಲ್.ಎಫ್.ನವರನ್ನು ಸುಡಾನ್‌ಗೆ ಓಡಿಸಿದ ಮೇಲೆ ಇ.ಪಿ.ಎಲ್.ಎಫ್. ಒಂದೇ ಉಳಿಯಿತು. ಅಲ್ಲಿನ ಮಕ್ಕಳ ಪುಸ್ತಕದಲ್ಲಿ ಈ ಅಧ್ಯಾಯ ತೆಳ್ಳಗಿರುತ್ತದೆ. ಆದರೆ ಮುಂದೆ ಏನಾಯಿತು ಅನ್ನೋದಕ್ಕೆ ಬೀಜ ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

1974ರಲ್ಲಿ ಚಕ್ರವರ್ತಿ ಬಿದ್ದು ಸೇನೆಯವರು ಬಂದರು. ದೆರ್ಗ್ ಅಂತ ಕರೆಯುತ್ತಿದ್ದರು. ಮುಂದೆ ಅದರ ನಾಯಕನಾದವನು ಮೆಂಗಿಸ್ತು. ಅವರು ಕೆಂಪು ಬಾವುಟದವರು. ಅಮೆರಿಕ ದೂರವಾಯಿತು, 1977ರ ಹೊತ್ತಿಗೆ ರಷ್ಯಾ ಬಂದು ಟ್ಯಾಂಕು, ವಿಮಾನ ಸುರಿಯಿತು. ಎರಿಟ್ರಿಯಾದ ಹಣೆಬರಹ ನೋಡಿ. ಮೊದಲು ಅಮೆರಿಕದ ಗುಂಡು, ಆಮೇಲೆ ರಷ್ಯಾದ ಗುಂಡು. ಹೋರಾಡುತ್ತಿದ್ದವರೂ ಎಡಪಂಥದವರೇ, ಆದರೂ! ಎರಡು ಮಹಾಶಕ್ತಿಗಳೂ ಸರದಿ ಮೇಲೆ ಎದುರಾಳಿಯ ಬೆನ್ನಿಗೆ ನಿಂತವು. ಆಗ ಎರಿಟ್ರಿಯಾದಲ್ಲಿ ಸುಮಾರು 30 ಲಕ್ಷ ಜನ. ಆ ಕಡೆ 4 ಕೋಟಿ.

1978ರಲ್ಲಿ ಗೆದ್ದಿದ್ದ ಊರುಗಳನ್ನೆಲ್ಲ ಬಿಟ್ಟು ಉತ್ತರದ ಸಾಹೇಲ್ ಬೆಟ್ಟಗಳಿಗೆ ಹಿಂದೆ ಸರಿದರು. ನಕ್ಫಾ ಅನ್ನೋ ಸಣ್ಣ ಊರು ಅವರ ಕೋಟೆ. ಈ ನಕ್ಫಾದ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ಇಡೀ ಕಥೆಯ ಜೀವ ಇಲ್ಲಿದೆ.

ಬೆಟ್ಟದುದ್ದಕ್ಕೂ ಮೈಲುಗಟ್ಟಲೆ ಕಂದಕ. ಎದುರಾಳಿ ಕೆಲವು ಕಡೆ ಕೂಗಿದರೆ ಕೇಳಿಸುವಷ್ಟು ಹತ್ತಿರ. ಹಗಲು ವಿಮಾನ ಬಾಂಬು ಹಾಕುತ್ತದೆ. ಹಾಗಾಗಿ ಹಗಲು ನಿದ್ದೆ, ರಾತ್ರಿ ಬದುಕು. ಅಡುಗೆ ರಾತ್ರಿ, ಲಾರಿ ಓಡೋದು ರಾತ್ರಿ, ಆಪರೇಷನ್ ರಾತ್ರಿ. ಒರೋಟಾ ಅನ್ನೋ ಕಣಿವೆಯಲ್ಲಿ ಬೆಟ್ಟ ಕೊರೆದು ಆಸ್ಪತ್ರೆ ಮಾಡಿದರು. ಒಂದು ವಾರ್ಡಿನಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗಬೇಕು, ಅಷ್ಟುದ್ದ. ಮಾತ್ರೆ, ಡ್ರಿಪ್ ಬಾಟಲಿಯ ದ್ರಾವಣ ಎಲ್ಲ ಅಲ್ಲೇ ತಯಾರು. ಮುಳ್ಳಿನ ಮರದ ನೆರಳಲ್ಲಿ ಮಕ್ಕಳಿಗೆ ಶಾಲೆ. ಓದು ಬಾರದ ಹೋರಾಟಗಾರರಿಗೆ ಕಂದಕದಲ್ಲೇ ಅಕ್ಷರ ಕಲಿಸುತ್ತಿದ್ದರು. ಗುಂಡು ಹಾರಿಸೋ ಪಾಳಿ ಮುಗಿದ ಮೇಲೆ ಕಾಪಿ ಬರೆಯೋ ಪಾಳಿ. ಈ ಚಪ್ಪಲಿಯನ್ನೂ ಆ ಬೆಟ್ಟಗಳಲ್ಲೇ ಅಚ್ಚು ಹಾಕುತ್ತಿದ್ದರು. ಆಯುಧ? ಎದುರಾಳಿಯಿಂದ ಕಿತ್ತುಕೊಂಡಿದ್ದೇ ಜಾಸ್ತಿ.

ಹೋರಾಟಗಾರರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು. ಅಡುಗೆಗೆ, ಶುಶ್ರೂಷೆಗೆ ಮಾತ್ರ ಅಂದುಕೊಳ್ಳಬೇಡಿ. ಟ್ಯಾಂಕು ಓಡಿಸಿದವರಿದ್ದಾರೆ. ನನ್ನ ಸಹೋದ್ಯೋಗಿ ರೇಡಿಯೋ ರಿಪೇರಿ ಕಲಿತಿದ್ದರು. ಕಾಲೇಜಿನಲ್ಲಿ ಪ್ರೊಜೆಕ್ಟರ್ ಕೆಟ್ಟರೆ ನಾವೆಲ್ಲ ಅರ್ಜಿ ಬರೆಯೋಕೆ ಕೂತರೆ ಆಕೆ ಸ್ಕ್ರೂಡ್ರೈವರ್ ತರುತ್ತಿದ್ದರು. ನಾನೊಮ್ಮೆ ಕೇಳಿದೆ, ಅಷ್ಟು ವರ್ಷ ಬೆಟ್ಟದಲ್ಲಿ ಏನು ನೆನಪಾಗುತ್ತಿತ್ತು ಅಂತ. ಅಮ್ಮ, ಮನೆ ಅಂತ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. "ಟೊಮ್ಯಾಟೊ" ಅಂದರು.

1982ರಲ್ಲಿ ಮೆಂಗಿಸ್ತು ಕೆಂಪು ನಕ್ಷತ್ರ ಕಾರ್ಯಾಚರಣೆ ಅಂತ 1 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ತಂದು ನಕ್ಫಾ ಮೇಲೆ ಬಿಟ್ಟ. ಊರಲ್ಲಿ ಮಸೀದಿಯ ಮಿನಾರು ಬಿಟ್ಟು ಮತ್ತೇನೂ ಉಳಿಯಲಿಲ್ಲ. ಆದರೂ ನಕ್ಫಾ ಬೀಳಲಿಲ್ಲ. ಅವರ ದುಡ್ಡಿಗೆ ಇವತ್ತು ಏನು ಹೆಸರು ಗೊತ್ತಾ? ನಕ್ಫಾ. ನಾವು ರೂಪಾಯಿ ಅನ್ನುತ್ತೇವೆ. ಅವರು ಅಂಗಡಿಯಲ್ಲಿ ಈರುಳ್ಳಿ ಕೊಳ್ಳುವಾಗಲೂ ಆ ಕಂದಕದ ಹೆಸರು ಹೇಳಬೇಕು.

1988ರ ಮಾರ್ಚ್‌ನಲ್ಲಿ ಅಫಬೆತ್‌ನಲ್ಲಿ ದೊಡ್ಡ ಗೆಲುವು. 1990ರ ಫೆಬ್ರವರಿಯಲ್ಲಿ ಮಸಾವಾ ಬಂದರು ಕೈಗೆ ಸಿಕ್ಕಿತು. 1991ರ ಮೇ 24ರಂದು ಅಸ್ಮಾರಾಕ್ಕೆ ಬಂದರು. ಅದೇ ದಿನಗಳಲ್ಲಿ ಅಡಿಸ್ ಅಬಾಬಾದಲ್ಲಿ ಮೆಂಗಿಸ್ತು ಓಡಿಹೋಗಿದ್ದ. ಅಲ್ಲಿ ಅಧಿಕಾರ ಹಿಡಿದವರು ಇವರ ಜೊತೆ ಸೇರಿ ಹೋರಾಡಿದ್ದವರೇ, ಹಾಗಾಗಿ ಒಪ್ಪಿಕೊಂಡರು. 1993ರ ಏಪ್ರಿಲ್ 23ರಿಂದ 25ರವರೆಗೆ ಜನಮತ ಆಯಿತು. ಬೇಕು ಅಂದವರು 11,00,260. ಬೇಡ ಅಂದವರು 1,822. ಮೂವತ್ತು ವರ್ಷದ ಯುದ್ಧದಲ್ಲಿ ಸತ್ತ ಹೋರಾಟಗಾರರು ಸುಮಾರು 65,000. ಮನೆಗೊಂದು ಫೋಟೋ. ಬಾಡಿಗೆಗಿದ್ದ ಮನೆಯ ಅಜ್ಜಿಯ ಗೋಡೆಯ ಮೇಲೆ ಮೂರಿದ್ದವು.

ರೈಲಿನ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ, ಸ್ವಲ್ಪ ದಾರಿ ತಪ್ಪುತ್ತೇನೆ. ಮಸಾವಾದಿಂದ ಅಸ್ಮಾರಾಕ್ಕೆ ಇಟಲಿಯವರು 1911ರಲ್ಲಿ ರೈಲು ತಂದಿದ್ದರು. ಸುಮಾರು 118 ಕಿಲೋಮೀಟರ್, ಸಮುದ್ರದಿಂದ ಸೀದಾ ಬೆಟ್ಟದ ನೆತ್ತಿಗೆ. ನಮ್ಮ ಸಕಲೇಶಪುರ ಘಾಟಿ ನೋಡಿದವರು ಊಹಿಸಿಕೊಳ್ಳಿ. ಯುದ್ಧದಲ್ಲಿ ಕಂಬಿ, ಸ್ಲೀಪರ್ ಎಲ್ಲ ಕಿತ್ತು ಕಂದಕಕ್ಕೆ ಮಾಡು ಹೊದಿಸಿದರು. ಸ್ವಾತಂತ್ರ್ಯ ಬಂದ ಮೇಲೆ ರೈಲು ಮತ್ತೆ ಓಡಿಸೋಣ ಅಂತ ಹೊರಟರು. ವಿದೇಶದವರ ಲೆಕ್ಕಾಚಾರ ಕೈಗೆ ನಿಲುಕಲಿಲ್ಲ. ಆಗ ಹಳೇ ರೈಲ್ವೆ ನೌಕರರನ್ನು ಕರೆದರು. ಎಪ್ಪತ್ತು, ಎಂಬತ್ತು ವಯಸ್ಸಿನ ತಾತಂದಿರು. ಅವರು ಬಂದು, ಕಂದಕದಿಂದ ಕಂಬಿ ಕಿತ್ತು ತಂದು, ಹುಡುಗರಿಗೆ ಕೆಲಸ ಕಲಿಸಿ, 2003ರಲ್ಲಿ ರೈಲನ್ನು ಅಸ್ಮಾರಾ ಮುಟ್ಟಿಸಿದರು. 1930ರ ದಶಕದ ಉಗಿ ಎಂಜಿನ್! ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ ನಾವು ಮಕ್ಕಳನ್ನು ಹತ್ತಿಸಿ ಫೋಟೋ ತೆಗೆಯುತ್ತೇವಲ್ಲ, ಅಂಥದ್ದು ಅಲ್ಲಿ ಹೊಗೆ ಬಿಟ್ಟುಕೊಂಡು ಬೆಟ್ಟ ಹತ್ತುತ್ತಿತ್ತು. ಇದಪ್ಪಾ ಸ್ವಾತಂತ್ರ್ಯ ಅಂದರೆ, ಅಂತ ನಾನು ಊರಿಗೆ ಉದ್ದದ ಪತ್ರ ಬರೆದಿದ್ದೆ.

ಆ ಪತ್ರ ಬರೆದ ಆರು ತಿಂಗಳಿಗೆ ನನಗೆ ಇನ್ನೊಂದು ಮುಖ ಕಾಣೋಕೆ ಶುರುವಾಯಿತು.

ಮಂಡ್ಯದಲ್ಲಿ ನಿಂತು ಇದನ್ನು ಹೇಳೋದು ಸುಲಭ. ಇಲ್ಲೇ ಪಕ್ಕದ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರು ಸರ್ಕಾರದ ನಿಷೇಧ ಮೀರಿ ಬಾವುಟ ಹಾರಿಸಿದರು. ಆದರೆ 1947ರ ಆಗಸ್ಟ್ 15ಕ್ಕೆ ಮೈಸೂರಿನವರ ಕೈಗೆ ಅಧಿಕಾರ ಬಂತಾ? ಬರಲಿಲ್ಲ. ಬ್ರಿಟಿಷರು ಹೋದರು, ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಕೂತೇ ಇದ್ದರು. ಮೈಸೂರು ಚಲೋ ಮಾಡಬೇಕಾಯಿತು. "ಆರ್ಕಾಟ್ ಬಾಯ್ಕಾಟ್" ಅಂತ ಬೀದಿಬೀದಿಯಲ್ಲಿ ಕೂಗಬೇಕಾಯಿತು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಾಗಲೇ ಜನರ ಸರ್ಕಾರ ಅನ್ನೋದು ಬಂದಿದ್ದು. ಪರರು ಹೋಗೋದು ಒಂದು, ನಮ್ಮವರನ್ನು ಪ್ರಶ್ನೆ ಕೇಳೋದು ಇನ್ನೊಂದು. ಎರಿಟ್ರಿಯಾಕ್ಕೆ ಆ ಎರಡನೇದು ಸಿಕ್ಕಿಲ್ಲ.

1993ರಲ್ಲಿ ಅಧ್ಯಕ್ಷರಾದವರು ಇ.ಪಿ.ಎಲ್.ಎಫ್. ನಾಯಕ ಇಸಾಯಾಸ್ ಅಫ್ವರ್ಕಿ. ಇವತ್ತಿಗೂ ಅವರೇ. 1997ರಲ್ಲಿ ಸಂವಿಧಾನ ಒಪ್ಪಿದರು, ಜಾರಿಗೆ ತರಲಿಲ್ಲ. ರಾಷ್ಟ್ರಮಟ್ಟದ ಚುನಾವಣೆ ಒಂದೂ ಆಗಿಲ್ಲ. 1998ರಲ್ಲಿ ಬಾದ್ಮೆ ಅನ್ನೋ ಹಳ್ಳಿಗಾಗಿ ಇಥಿಯೋಪಿಯಾದ ಜೊತೆ ಮತ್ತೆ ಯುದ್ಧ. ಎರಡು ವರ್ಷ, ಎರಡೂ ಕಡೆ ಸೇರಿ ಹತ್ತಾರು ಸಾವಿರ ಹೆಣ. 2001ರ ಸೆಪ್ಟೆಂಬರ್‌ನಲ್ಲಿ ಪ್ರಶ್ನೆ ಕೇಳಿದ ಹನ್ನೊಂದು ಜನ ಹಿರಿಯ ನಾಯಕರನ್ನು ಒಳಗೆ ಹಾಕಿದರು. ಕಂದಕದಲ್ಲಿ ಜೊತೆಗೆ ಮಲಗೆದ್ದವರು ಅವರು. ಖಾಸಗಿ ಪತ್ರಿಕೆಗಳನ್ನೆಲ್ಲ ಮುಚ್ಚಿದರು.

ಮತ್ತೆ ಸೇನಾ ಸೇವೆ. ಕಾನೂನಿನಲ್ಲಿ 18 ತಿಂಗಳು. ಯುದ್ಧ ಬಂತು, ಮುಗಿಯಿತು. ಸೇವೆ ಮಾತ್ರ ಮುಗಿಯಲಿಲ್ಲ. ಹನ್ನೆರಡನೇ ಕ್ಲಾಸನ್ನು ಸಾವಾ ಅನ್ನೋ ಮಿಲಿಟರಿ ಶಿಬಿರದಲ್ಲೇ ಓದಬೇಕು. ಆಮೇಲೆ ಯಾರು ಮೇಷ್ಟ್ರು, ಯಾರು ಸಿಪಾಯಿ, ಯಾರು ರಸ್ತೆ ಕೆಲಸಕ್ಕೆ ಅಂತ ಮೇಲಿನವರು ಹೇಳುತ್ತಾರೆ. ನನಗೆ ಅನಿಸೋದು ಇಷ್ಟು. ನಕ್ಫಾದಲ್ಲಿ ಅವರನ್ನು ಉಳಿಸಿದ್ದು ಕಟ್ಟುನಿಟ್ಟು. ಪಾಳಿ, ಗುಟ್ಟು, ಹೇಳಿದ್ದನ್ನು ಮಾಡು, ಯಾಕೆ ಅಂತ ಕೇಳಬೇಡ. ಬೆಟ್ಟ ಇಳಿದು ಬಂದವರು ಆಯುಧ ಇಳಿಸಿದರು, ಆ ಅಭ್ಯಾಸ ಇಳಿಸಲಿಲ್ಲ. ಇಡೀ ದೇಶವೇ ಕಂದಕವಾಯಿತು. ಶತ್ರುವಿನ ಭಯ ಸುಳ್ಳು ಅಂತಲ್ಲ, ಇಥಿಯೋಪಿಯಾ ಅಲ್ಲೇ ಇದೆ, ಅದಕ್ಕೆ ಇನ್ನೂ ಸಮುದ್ರ ಬೇಕು. ಆದರೆ ಭಯ ಯಾರಿಗೆ ಅನುಕೂಲ ಅನ್ನೋದನ್ನೂ ನೋಡಬೇಕಲ್ಲ.

ಸಹೋದ್ಯೋಗಿಗೆ ಇದನ್ನು ಕೇಳಿದ್ದೆ, ಒಂದು ಮಧ್ಯಾಹ್ನ ಅವರ ಮನೆಯಲ್ಲಿ. ಅವರ ಕಾಫಿ ನಮ್ಮ ಥರ ಎರಡು ನಿಮಿಷದ್ದಲ್ಲ. ಎದುರಿಗೇ ಬೀಜ ಹುರಿಯುತ್ತಾರೆ. ಹೊಗೆ ಬರುವಾಗ ಬಾಣಲೆಯನ್ನು ಪ್ರತಿಯೊಬ್ಬರ ಮೂಗಿನ ಹತ್ತಿರ ತರುತ್ತಾರೆ, ನಾವು ಕೈಯಿಂದ ಆ ಹೊಗೆ ಎಳೆದುಕೊಂಡು ಚೆನ್ನಾಗಿದೆ ಅನ್ನಬೇಕು. ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ, ಮೂರು ಸುತ್ತು. ಅದೇ ಪುಡಿಗೆ ಮತ್ತೆ ನೀರು. ಮೂರನೆಯದು ತೆಳ್ಳಗೆ, ಅದರ ಹೆಸರು ಬರಕಾ, ಆಶೀರ್ವಾದ ಅಂತ ಅರ್ಥ. ಅದಕ್ಕೆ ಮುಂಚೆ ಎದ್ದು ಹೋಗಬಾರದು. ನಾನು ಕೇಳಿದ್ದು ಮೊದಲ ಕಪ್ಪಿನ ಹೊತ್ತಿಗೆ. ಆಕೆ ಉತ್ತರ ಕೊಡಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದು ಬಗ್ಗಿಸುತ್ತಾ, "ನನ್ನ ಮಗ ಬರೋ ವರ್ಷ ಸಾವಾಕ್ಕೆ ಹೋಗುತ್ತಾನೆ" ಅಂದರು. ಅಷ್ಟೇ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಮುಂದಿನ ಬೆಂಚು, ಲೆಕ್ಕದಲ್ಲಿ ಚುರುಕು. ಇಂಜೆರಾ ಅಂತ ಅವರ ಊಟ, ನಮ್ಮ ಸೆಟ್ ದೋಸೆಯನ್ನು ತಟ್ಟೆ ತುಂಬಾ ಹರಡಿದ ಹಾಗೆ, ಅದೇ ಹುಳಿ. ಅದನ್ನು ಮನೆಯಿಂದ ಕಟ್ಟಿಸಿಕೊಂಡು ಬಂದು "ಸರ್, ನಿಮ್ಮ ದೋಸೆ" ಅಂತ ಕೊಡುತ್ತಿದ್ದ. ಒಂದು ಸೋಮವಾರ ಅವನ ಜಾಗ ಖಾಲಿ. ಹೆಸರು ಕೂಗಿದೆ. ಯಾರೂ ಏನೂ ಹೇಳಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಎರಡು ವಾರ ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆದೆ. ಮೂರನೇ ವಾರ ಹೊಸ ಪಟ್ಟಿ ಬಂತು, ಅದರಲ್ಲಿ ಆ ಹೆಸರೇ ಇರಲಿಲ್ಲ. ರಾತ್ರಿ ನಡೆದು ಸುಡಾನ್ ಗಡಿ ದಾಟಿದ್ದನಂತೆ. ಇದು ನನಗೆ ಗೊತ್ತಾಗಿದ್ದು ನಾಲ್ಕು ವರ್ಷದ ಮೇಲೆ, ಮೈಸೂರಿನ ನಮ್ಮ ಮನೆಗೆ ಫೋನ್ ಬಂದಾಗ. ಆ ಹೊತ್ತಿಗೆ ಅವನು ಯುರೋಪಿನಲ್ಲಿದ್ದ. ಮರುಭೂಮಿ, ಲಿಬಿಯಾ, ದೋಣಿ, ಎಲ್ಲ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದ. ಆಮೇಲೆ ಮಂಡ್ಯದ ಬೆಲ್ಲ ಚೆನ್ನಾಗಿತ್ತು ಸರ್, ಅಂದ. ಒಂದು ಸಲ ರಜೆಗೆ ಬಂದು ಹೋಗುವಾಗ ತಗೊಂಡು ಹೋಗಿ ಕೊಟ್ಟಿದ್ದೆ.

ಆ ದೇಶದಿಂದ ರಾತ್ರೋರಾತ್ರಿ ಓಡಿಹೋದ ಹುಡುಗ ಅವನು. ವರ್ಷವೆಲ್ಲ ಸುದ್ದಿ ಇರೋದಿಲ್ಲ. ಮೇ 24ಕ್ಕೆ ಮಾತ್ರ ತಪ್ಪದೆ ಮೆಸೇಜ್ ಹಾಕುತ್ತಾನೆ. ಈ ಸಲವೂ ಬಂತು. ಅವನ ಮಗಳ ಫೋಟೋ. ನಾಲ್ಕು ವರ್ಷದ ಮಗು, ಹಿಮದಲ್ಲಿ ದಪ್ಪ ಕೋಟು ಹಾಕಿಕೊಂಡು ನಿಂತಿದೆ, ಯಾವಾಗ ತೆಗೆದಿದ್ದೋ. ಕೈಯಲ್ಲಿ ಎರಿಟ್ರಿಯಾದ ಬಾವುಟ. ಕಾಲಲ್ಲಿ ಬೂಟು, ಬೂಟಿನ ಮೇಲೇ ಹೇಗೋ ಬಿಗಿದು ಕಟ್ಟಿದ ದೊಡ್ಡವರ ಒಂದು ಜೊತೆ ಕಪ್ಪು ಪ್ಲಾಸ್ಟಿಕ್ ಚಪ್ಪಲಿ.